750 ಮೀಟರ್ ದೂರದ ಕಿವಿ: ಸಮುದ್ರದಲ್ಲಿ ಪೈಲ್ ಹೊಡೆಯುವ ಸದ್ದನ್ನು ಅಳೆಯೋದು ಹೇಗೆ, ಇಳಿಸೋದು ಹೇಗೆ?

ಕೆರೆಯಲ್ಲಿ ಈಜು ಕಲಿತವರಿಗೆ ಈ ಆಟ ಗೊತ್ತಿರುತ್ತದೆ. ಒಬ್ಬ ಆ ದಡದಲ್ಲಿ ನೀರೊಳಗೆ ಕೈಯಿಟ್ಟು ಎರಡು ಕಲ್ಲು ಕುಟ್ಟುತ್ತಾನೆ. ಇನ್ನೊಬ್ಬ ಈ ದಡದಲ್ಲಿ ಮುಳುಗಿ ಕೇಳುತ್ತಾನೆ. ತಲೆ ಹೊರಗಿದ್ದಾಗ ಏನೂ ಕೇಳಿಸುವುದಿಲ್ಲ. ಮುಳುಗಿದ ಕೂಡಲೇ ಕಿವಿಯ ಪಕ್ಕದಲ್ಲೇ ಕುಟ್ಟಿದ ಹಾಗೆ ‘ಟಣ್’. ಯಾವ ಕಡೆಯಿಂದ ಬಂತು ಅಂತ ಮಾತ್ರ ಗೊತ್ತಾಗುವುದಿಲ್ಲ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ನೀರಿನಲ್ಲಿ ಸುಮಾರು 1500 ಮೀಟರ್ ಹೋಗುತ್ತದೆ. ಎರಡು ಕಿವಿಗೂ ಹೆಚ್ಚುಕಡಿಮೆ ಒಟ್ಟಿಗೇ ಮುಟ್ಟುವುದರಿಂದ ನಮ್ಮ ತಲೆಗೆ ದಿಕ್ಕು ಸಿಗುವುದಿಲ್ಲ.

ಈಗ ಆ ಎರಡು ಕಲ್ಲಿನ ಜಾಗದಲ್ಲಿ ಒಂದು ಉಕ್ಕಿನ ಕೊಳವೆ ಇಡಿ. ಪೈಲ್ ಅಂದರೆ ಇದೇ. ಅಡ್ಡಗಲ 8 ಮೀಟರ್, ಅಂದರೆ ಒಳಗೆ ಎರಡು ಬಸ್ಸು ಪಕ್ಕಪಕ್ಕ ಹೋಗಬಹುದು. ತೂಕ ಸಾವಿರ ಟನ್ನಿನ ಆಸುಪಾಸು. ಅದನ್ನು ಸಮುದ್ರದ ತಳಕ್ಕೆ ಇಳಿಸಲು ಹಡಗಿನ ಮೇಲಿಂದ ಹೈಡ್ರಾಲಿಕ್ ಸುತ್ತಿಗೆ ಹೊಡೆಯುತ್ತದೆ. ಒಂದೆರಡು ಸೆಕೆಂಡಿಗೊಂದು ಏಟು, ಗಂಟೆಗಟ್ಟಲೆ. ಒಂದು ಪೈಲ್ ಕೂರುವಷ್ಟರಲ್ಲಿ ಏಟುಗಳ ಲೆಕ್ಕ ಸಾವಿರ ದಾಟಿರುತ್ತದೆ. ಯುರೋಪಿನ ಉತ್ತರ ಸಮುದ್ರದಲ್ಲಿ ನಿಂತಿರುವ ಗಾಳಿಯಂತ್ರಗಳಲ್ಲಿ ಹೆಚ್ಚಿನವು ಇಂಥ ಕೊಳವೆಗಳ ಮೇಲೇ ನಿಂತಿವೆ.

ಈ ಸದ್ದಿಗೆ ಮೊದಲು ಕಟ್ಟುನಿಟ್ಟಾದ ಮಿತಿ ಹಾಕಿದ ದೇಶಗಳಲ್ಲಿ ಜರ್ಮನಿ ಮುಂದಿದೆ. ಅಲ್ಲಿ 2008ರಿಂದ ಸಮುದ್ರದ ಗಾಳಿ ವಿದ್ಯುತ್ ಯೋಜನೆಗಳ ಪರವಾನಗಿಯಲ್ಲೇ ಷರತ್ತು ಇದೆ. ಪೈಲಿನಿಂದ 750 ಮೀಟರ್ ದೂರದಲ್ಲಿ ಒಂದು ಏಟಿನ ಸದ್ದಿನ ಮೊತ್ತ 160 ಡೆಸಿಬೆಲ್ ಮೀರಬಾರದು, ಆ ಏಟಿನ ತುತ್ತತುದಿ 190 ಮೀರಬಾರದು. ಇಷ್ಟೇ. ಆದರೆ ಈ ಸಂಖ್ಯೆ ಎಲ್ಲಿಂದ ಬಂತು, ಅದು ಏನನ್ನು ಹಿಡಿಯಿತು, ಏನನ್ನು ಬಿಟ್ಟಿತು ಎಂದು ನೋಡಿದರೆ ಈ ವಿಷಯದ ಮುಕ್ಕಾಲು ಭಾಗ ಅರ್ಥವಾದ ಹಾಗೆ.

ಬಂದಿದ್ದು ಒಂದೇ ಒಂದು ಪ್ರಾಣಿಯ ಕಿವಿಯಿಂದ ಎಂದರೆ ತೀರಾ ತಪ್ಪಾಗುವುದಿಲ್ಲ. ಉತ್ತರ ಸಮುದ್ರದಲ್ಲಿ ಹಾರ್ಬರ್ ಪಾರ್ಪಸ್ ಎಂಬ ಪುಟ್ಟ ಪ್ರಾಣಿಯಿದೆ. ಡಾಲ್ಫಿನ್ನಿನ ದಾಯಾದಿ, ಆದರೆ ಮೂತಿ ಚೂಪಲ್ಲ, ಮೈ ಗಿಡ್ಡ. ಜರ್ಮನ್ನರು ಇದನ್ನು ‘ಹಂದಿ ತಿಮಿಂಗಿಲ’ ಅನ್ನುತ್ತಾರೆ, ಡೇನರು ‘ಸಮುದ್ರದ ಹಂದಿ’ ಅನ್ನುತ್ತಾರೆ. ನಮ್ಮ ನಿಘಂಟುಗಳಲ್ಲೂ ಕಡಲಹಂದಿ ಅಂತಲೇ ಇದೆ, ತಮಾಷೆ ಅಲ್ವಾ? ತಣ್ಣೀರಿನಲ್ಲಿ ಬದುಕುವ ಸಣ್ಣ ಮೈ, ಹಾಗಾಗಿ ಇದಕ್ಕೆ ಹೊಟ್ಟೆ ಹಸಿವು ಮುಗಿಯುವುದೇ ಇಲ್ಲ. ಮೈಗೆ ಪುಟ್ಟ ಯಂತ್ರ ಅಂಟಿಸಿ ಬಿಟ್ಟು ನೋಡಿದಾಗ ಕೆಲವು ಪಾರ್ಪಸ್‌ಗಳು ಗಂಟೆಗೆ 550ರವರೆಗೆ ಸಣ್ಣ ಮೀನುಗಳ ಬೆನ್ನು ಹತ್ತಿದ್ದು ಕಂಡಿತ್ತು. ಬೇಟೆಯೆಲ್ಲ ಕಿವಿಯ ಮೇಲೆ. ತಾನೇ ಸಣ್ಣಗೆ ‘ಕ್ಲಿಕ್’ ಅನ್ನುತ್ತದೆ, ಮರುದನಿ ಕೇಳಿ ಮೀನು ಹುಡುಕುತ್ತದೆ. ಇಂಥ ಪ್ರಾಣಿಯನ್ನು ಅರ್ಧ ದಿನ ಮೇವಿನ ಜಾಗದಿಂದ ಓಡಿಸಿದರೂ ಅದಕ್ಕೆ ನಷ್ಟವೇ.

ಡೆನ್ಮಾರ್ಕಿನ ಕೆರ್ಟೆಮಿಂಡೆ ಎಂಬ ಬಂದರಿನಲ್ಲಿ ಸಾಕಿದ ಒಂದು ಗಂಡು ಪಾರ್ಪಸ್ ಇತ್ತು. ವಿಜ್ಞಾನಿಗಳು ದೋಣಿಯಿಂದ ಗಾಳಿಬಂದೂಕು ಹಾರಿಸಿದರು. ಸಮುದ್ರದಡಿ ತೈಲ ಹುಡುಕುವವರು ಬಳಸುವಂಥದ್ದು, ಆದರೆ ಚಿಕ್ಕದು. ಪ್ರತಿ ಏಟಿನ ನಂತರ ಪಾರ್ಪಸ್‌ನ ತಲೆಯ ಮೇಲೆ ಅಂಟಿಸಿದ ರಬ್ಬರ್ ಬಟ್ಟಲಿನ ತಂತಿಗಳಿಂದ ಅದರ ಮೆದುಳು ಸದ್ದಿಗೆ ಹೇಗೆ ಪ್ರತಿಕ್ರಿಯಿಸುತ್ತದೆ ಅಂತ ಅಳೆದರು. ಏಟಿನ ಮೊತ್ತ 164 ಡೆಸಿಬೆಲ್ ದಾಟಿದಾಗ ಕಿವಿ ಸ್ವಲ್ಪ ಹೊತ್ತು ಮಂಕಾಯಿತು. ಜೋರು ಪಟಾಕಿಯ ನಂತರ ನಮಗೆ ಕಿವಿ ‘ಗುಂಯ್’ ಅನ್ನುತ್ತದಲ್ಲ, ಹಾಗೆ. ಈ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. 160 ಎಂಬ ಮಿತಿಗೆ ಇದೇ ಗಟ್ಟಿ ಆಧಾರವಾಗಿ ನಿಂತಿತು: ಅಳೆದ ಅಂಕಿಗಿಂತ ಒಂದಿಷ್ಟು ಕೆಳಗೆ ಗೆರೆ. ಒಂದು ದೇಶದ ನಿಯಮಕ್ಕೆ ಒಂದು ಪ್ರಾಣಿ ಸಾಕೇ ಅಂತ ಕೇಳಬಹುದು. ಆದರೆ ಅಲ್ಲಿಯವರೆಗೆ ಅಷ್ಟೂ ಇರಲಿಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಪತ್ರಿಕೆಗಳಲ್ಲಿ ‘ಪೈಲಿಂಗ್ ಸದ್ದು 200 ಡೆಸಿಬೆಲ್, ಜೆಟ್ ವಿಮಾನಕ್ಕಿಂತ ಜೋರು’ ಅಂತ ಬರುತ್ತದೆ. ಈ ಹೋಲಿಕೆ ನಿಲ್ಲುವುದಿಲ್ಲ. ಡೆಸಿಬೆಲ್ ಎನ್ನುವುದು ಕೆಜಿ, ಮೀಟರ್ ಥರ ಅಲ್ಲ. ಎಲ್ಲಿಂದ ಎಣಿಸುತ್ತೀರಿ ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ಚಾಮುಂಡಿ ಬೆಟ್ಟದ ಎತ್ತರ ಸಮುದ್ರ ಮಟ್ಟದಿಂದ ಎಣಿಸಿದರೆ ಸಾವಿರ ಮೀಟರ್ ದಾಟುತ್ತದೆ, ಮೈಸೂರಿನಿಂದ ಹತ್ತಿದರೆ ಮುನ್ನೂರರ ಆಸುಪಾಸು. ಬೆಟ್ಟ ಒಂದೇ. ಗಾಳಿಯಲ್ಲಿ ಎಣಿಕೆ 20 ಮೈಕ್ರೋಪಾಸ್ಕಲ್‌ನಿಂದ ಶುರು, ನೀರಿನಲ್ಲಿ 1 ಮೈಕ್ರೋಪಾಸ್ಕಲ್‌ನಿಂದ. ಇದರಿಂದಲೇ 26 ಡೆಸಿಬೆಲ್ ವ್ಯತ್ಯಾಸ. ಜೊತೆಗೆ ನೀರು ಗಾಳಿಗಿಂತ ದಟ್ಟ, ಬಿಗಿ. ಅಷ್ಟೇ ಶಕ್ತಿಯ ಸದ್ದಿಗೆ ನೀರಿನಲ್ಲಿ ಒತ್ತಡ ಎಷ್ಟೋ ಪಾಲು ಜಾಸ್ತಿ, ಅದು ಇನ್ನೊಂದು 36. ಎರಡೂ ಸೇರಿ ಸುಮಾರು 62. ಇಷ್ಟನ್ನು ಕಳೆಯದೆ ನೀರಿನ ಅಂಕಿಯನ್ನು ವಿಮಾನದ ಪಕ್ಕ ಇಡಬಾರದು. ಕಳೆದ ಮೇಲೂ ಪಾರ್ಪಸ್‌ನ ಕಿವಿ ನಮ್ಮ ಕಿವಿಯಲ್ಲ.

ಇನ್ನೊಂದು ಗೊಂದಲ ಇನ್ನೂ ಜಾಸ್ತಿ ತೊಂದರೆ ಕೊಡುವಂಥದ್ದು. ನೀರೊಳಗೇ ಮೂರು ಬಗೆಯ ಅಳತೆ ಇದೆ, ಮೂರಕ್ಕೂ ಹೆಸರು ಡೆಸಿಬೆಲ್ಲೇ. ಮಳೆಯ ಹಾಗೆ ಯೋಚಿಸಿ. ಒಂದು ಮಳೆಯಲ್ಲಿ ಅತಿ ರಭಸವಾಗಿ ಸುರಿದ ಆ ಒಂದು ಕ್ಷಣ, ಅದು ತುತ್ತತುದಿಯ ಒತ್ತಡ. ಆ ಒಂದು ಮಳೆಗೆ ಮಳೆಮಾಪಕದಲ್ಲಿ ನಿಂತ ನೀರು, ಅದು ಒಂದು ಏಟಿನ ಮೊತ್ತ. ಇಡೀ ಮಳೆಗಾಲದ ಒಟ್ಟು ಮಳೆ, ಅದು ಎಲ್ಲ ಏಟುಗಳ ಕೂಡಿಕೆ. ಜರ್ಮನಿಯ 160 ಎರಡನೆಯದು. ಸಾವಿರ ಏಟು ಕೂಡಿಸಿದರೆ 30 ಡೆಸಿಬೆಲ್ ಸೇರಿಕೊಳ್ಳುತ್ತದೆ, ಅದೇ 160 ಈಗ 190. ಅಮೆರಿಕದಲ್ಲೂ 160 ಎಂಬ ಅಂಕಿ ಬಹುಕಾಲದಿಂದ ಬಳಕೆಯಲ್ಲಿದೆ, ತಿಮಿಂಗಿಲ ಡಾಲ್ಫಿನ್‌ಗಳು ಬೆದರುವ ಮಟ್ಟ ಅಂತ. ಆದರೆ ಅದು ಏಟಿನ ಅವಧಿಯ ಸರಾಸರಿ ಒತ್ತಡ, ಜರ್ಮನಿಯ ಮೊತ್ತ ಅಲ್ಲವೇ ಅಲ್ಲ. ಏಟು ಸೆಕೆಂಡಿನ ಹತ್ತನೇ ಒಂದು ಭಾಗ ಬಾಳಿದರೆ ಎರಡಕ್ಕೂ 10 ಡೆಸಿಬೆಲ್ ಅಂತರ ಬರುತ್ತದೆ. ವರದಿಯಲ್ಲಿ ‘160 ಡೆಸಿಬೆಲ್‌ಗೆ ಇಳಿಸಲಾಗಿದೆ’ ಅಂತ ಇದ್ದರೆ ಯಾವ 160, ಎಷ್ಟು ದೂರದಲ್ಲಿ ಅಂತ ಕೇಳದೆ ನಂಬಬಾರದು. ಈ ಗೋಜಲು ಬಿಡಿಸಲೆಂದೇ 2017ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್ಒ ಎರಡು ಮಾನದಂಡ ತಂದಿತು. 18405 ನೀರೊಳಗಿನ ಸದ್ದಿನ ಪದಗಳಿಗೆ, 18406 ಪೈಲ್ ಹೊಡೆತವನ್ನು ಅಳೆಯುವ ಕ್ರಮಕ್ಕೆ.

ಅಳೆಯುವ ಕೆಲಸ ನೋಡಲು ಏನೂ ಅದ್ಭುತವಾಗಿಲ್ಲ. ಒಂದು ತೇಲುಬುರುಡೆ, ಕೆಳಗೆ ಲಂಗರು, ನಡುವೆ ಹಗ್ಗಕ್ಕೆ ಕಟ್ಟಿದ ಹೈಡ್ರೋಫೋನ್, ಅಂದರೆ ನೀರೊಳಗಿನ ಮೈಕು. ಹಗ್ಗ ಪ್ರವಾಹಕ್ಕೆ ನಡುಗಿದರೆ ಆ ನಡುಕವೂ ಸದ್ದಾಗಿ ದಾಖಲಾಗುತ್ತದೆ. ಹಡಗಿನಿಂದ ನೇತುಬಿಟ್ಟರೆ ಹಡಗಿನ ಎಂಜಿನ್ನೇ ಕೇಳಿಸುತ್ತದೆ. ಅದಕ್ಕೇ ಮೈಕನ್ನು ತಳದಿಂದ ಮೇಲಕ್ಕೆ ನಿಲ್ಲಿಸುತ್ತಾರೆ. ಮತ್ತೆ 750 ಮೀಟರೇ ಯಾಕೆ? ಪೈಲಿನ ಪಕ್ಕದಲ್ಲೇ ಅಳೆದರೆ ಅಂಕಿಗೆ ಅರ್ಥವಿಲ್ಲ. ಪೈಲ್ ಒಂದು ಚುಕ್ಕೆಯಲ್ಲ, ತಳದಿಂದ ಮೇಲಿನವರೆಗೆ ಇಡೀ ಕಂಬವೇ ಸದ್ದು ಮಾಡುತ್ತದೆ. ಸ್ವಲ್ಪ ದೂರ ಹೋದ ಮೇಲಷ್ಟೇ ಎಲ್ಲ ಸೇರಿ ಒಂದು ಸದ್ದಾಗುತ್ತದೆ. ಎಲ್ಲ ಯೋಜನೆಗಳಿಗೂ ಒಂದೇ ದೂರ ಇಟ್ಟರೆ ಒಂದನ್ನು ಇನ್ನೊಂದರ ಜೊತೆ ಹೋಲಿಸಬಹುದು. ನನಗನಿಸುವಂತೆ ಜರ್ಮನಿಯ ನಿಯಮದ ಜಾಣತನ ಇರುವುದು 160ರಲ್ಲಿ ಅಲ್ಲ, ಈ 750ರಲ್ಲಿ. ಕಂಪನಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಮೈಕು ಅಲ್ಲಿದೆ, ಏಟು ಬಿತ್ತು, ಅಂಕಿ ಬಂತು.

ಶುರುವಿನಲ್ಲಿ ಆ ಅಂಕಿ ಯಾರಿಗೂ ಮುಟ್ಟಲಾಗಲಿಲ್ಲ. ಸದ್ದು ತಗ್ಗಿಸದೆ ದೊಡ್ಡ ಪೈಲ್ ಹೊಡೆದರೆ 750 ಮೀಟರಿನಲ್ಲಿ 180ರ ಹತ್ತಿರ ಬರುತ್ತದೆ. 20 ಡೆಸಿಬೆಲ್ ಇಳಿಸಬೇಕು ಅಂದರೆ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಭಾಗ ತಡೆಯಬೇಕು. ಸುತ್ತಿಗೆಯನ್ನು ಮೆಲ್ಲಗೆ ಹೊಡೆದರೆ ಆಗದೇ? ಏಟಿನ ಶಕ್ತಿ ಅರ್ಧ ಮಾಡಿದರೂ ಇಳಿಯುವುದು ಎರಡೂವರೆ ಡೆಸಿಬೆಲ್ಲಿನ ಆಸುಪಾಸು. ಏಟುಗಳ ಲೆಕ್ಕ ಮಾತ್ರ ಏರುತ್ತದೆ.

ಗುಳ್ಳೆ ಬಂದಿದ್ದು ಇಲ್ಲಿ. ನೀರಿನಲ್ಲಿ ಹೋಗುವ ಸದ್ದಿಗೆ ಗಾಳಿ ಅಂದರೆ ಗೋಡೆ. ಗುಳ್ಳೆಗಳ ಪದರ ಸಿಕ್ಕಿದರೆ ಒಂದಷ್ಟು ಸದ್ದು ವಾಪಸ್ ಹೋಗುತ್ತದೆ, ಒಂದಷ್ಟು ಚದುರುತ್ತದೆ, ಇನ್ನೊಂದಷ್ಟು ಗುಳ್ಳೆಗಳನ್ನು ಹಿಗ್ಗಿಸಿ ಕುಗ್ಗಿಸುವುದರಲ್ಲೇ ಸೋರಿಹೋಗುತ್ತದೆ. ಉಪಾಯ ಹೊಸದಲ್ಲ. 1996ರಲ್ಲಿ ಹಾಂಗ್‌ಕಾಂಗ್‌ನಲ್ಲಿ ವಿಮಾನ ಇಂಧನದ ಜೆಟ್ಟಿ ಕಟ್ಟುವಾಗ ಅಲ್ಲಿನ ಗೂನುಬೆನ್ನಿನ ಡಾಲ್ಫಿನ್‌ಗಳಿಗಾಗಿ ಗುಳ್ಳೆ ಪರದೆ ಹಾಕಿದ್ದರು. ಇಳಿದದ್ದು ಒಟ್ಟಾರೆ 3ರಿಂದ 5 ಡೆಸಿಬೆಲ್. ಅದೇ ಪರದೆ ಇವತ್ತು ಉತ್ತರ ಸಮುದ್ರದಲ್ಲಿ ಒಂದು ಸುತ್ತಿನಲ್ಲಿ 10ರಿಂದ 15, ಎರಡು ಸುತ್ತಿನಲ್ಲಿ ಇನ್ನೂ ಜಾಸ್ತಿ ಇಳಿಸುತ್ತದೆ. ಏನು ಬದಲಾಯಿತು?

ಪೈಲ್ ಹೇಗೆ ಸದ್ದು ಮಾಡುತ್ತದೆ ಎಂಬುದು ತಿಳಿಯಿತು. ಸುತ್ತಿಗೆ ಬಿದ್ದಾಗ ಕೊಳವೆ ಮೇಲ್ತುದಿಯಲ್ಲಿ ಕೂದಲೆಳೆಯಷ್ಟು ಉಬ್ಬುತ್ತದೆ. ಆ ಉಬ್ಬು ಉಕ್ಕಿನಲ್ಲಿ ಸೆಕೆಂಡಿಗೆ ಸುಮಾರು 5000 ಮೀಟರ್ ವೇಗದಲ್ಲಿ ಕೆಳಗೆ ಓಡುತ್ತದೆ. ನೀರಿನಲ್ಲಿ ಸದ್ದಿಗೆ ಇರುವುದು 1500ರ ವೇಗ. ಜೋರಾಗಿ ಹೋಗುವ ದೋಣಿ ತನ್ನ ಅಲೆಗಳನ್ನೇ ಹಿಂದೆ ಹಾಕಿ ಓಡುತ್ತದಲ್ಲ, ಹಿಂದೆ ಎರಡು ಕಡೆ ಅಲೆಗಳ ಗೆರೆ ಹರಡಿಕೊಳ್ಳುತ್ತದಲ್ಲ, ಹಾಗೇ. ಪೈಲಿನ ಸುತ್ತ ಸದ್ದು ಒಂದು ಶಂಕುವಿನಂತೆ, ಹದಿನೇಳು ಡಿಗ್ರಿ ಓರೆಯಾಗಿ ಕೆಳಮುಖವಾಗಿ ಹೊರಡುತ್ತದೆ. ಅಂದರೆ ಬಹಳಷ್ಟು ಸದ್ದು ಸಮುದ್ರದ ತಳಕ್ಕೇ ಹೋಗಿ ಬಡಿಯುತ್ತದೆ. ಮರಳಿನಲ್ಲಿ ಒಂದಷ್ಟು ದೂರ ಸಾಗಿ ಮತ್ತೆ ಮೇಲೆ ನೀರಿಗೆ ಬರುತ್ತದೆ. ಪೈಲಿಗೆ ಅಂಟಿಕೊಂಡ ಹಾಗೆ ಪರದೆ ಹಾಕಿದರೆ ಸದ್ದು ಅದರ ಕೆಳಗಿಂದ ನುಸುಳಿ ಆಚೆ ಏಳುತ್ತದೆ. ಬಾಗಿಲು ಹಾಕಿ ಹೊಸ್ತಿಲ ಕೆಳಗೆ ಸಂದಿ ಬಿಟ್ಟ ಹಾಗೆ.

ಅದಕ್ಕೇ ಈಗ ಪರದೆಯನ್ನು ದೂರ ಹಾಕುತ್ತಾರೆ. ಪೈಲ್ ಹೊಡೆಯುವ ಹಡಗನ್ನೂ ಒಳಗೆ ಸೇರಿಸಿಕೊಂಡು ನೂರಾರು ಮೀಟರ್ ಉದ್ದದ ರಬ್ಬರ್ ಹೋಸನ್ನು ತಳದಲ್ಲಿ ಮಲಗಿಸುತ್ತಾರೆ. ಮೈತುಂಬ ಸಣ್ಣ ತೂತು, ತೇಲಬಾರದೆಂದು ಒಳಗೋ ಪಕ್ಕದಲ್ಲೋ ಸರಪಳಿ. ಇನ್ನೊಂದು ಹಡಗಿನ ಮೇಲೆ ಸಾಲಾಗಿ ಕಂಪ್ರೆಸರ್‌ಗಳು ಒಟ್ಟಿಗೆ ಗಾಳಿ ತುಂಬುತ್ತವೆ. ಗಾಳಿಯಲ್ಲಿ ಎಣ್ಣೆಯ ಪಸೆ ಇರಬಾರದು, ಇಲ್ಲದಿದ್ದರೆ ಸದ್ದು ತಡೆಯಲು ಹೋಗಿ ನೀರು ಕೆಡಿಸಿದ ಹಾಗೆ. ಮೇಲಿಂದ ನೋಡಿದರೆ ನೀಲಿ ಸಮುದ್ರದ ಮೇಲೆ ಕುದಿಯುವ ಬಿಳಿ ಬಳೆ. ಅದು ದುಂಡಗೆ ಕಾಣುವುದೂ ಅಪರೂಪ. 30, 40 ಮೀಟರ್ ಆಳದಿಂದ ಮೇಲೆ ಬರುವಷ್ಟರಲ್ಲಿ ಪ್ರವಾಹ ಗುಳ್ಳೆಗಳನ್ನು ಪಕ್ಕಕ್ಕೆ ಎಳೆದಿರುತ್ತದೆ. ಅದನ್ನು ಮೊದಲೇ ಲೆಕ್ಕ ಹಾಕಿ ಹೋಸನ್ನು ಮೊಟ್ಟೆಯಾಕಾರದಲ್ಲಿ ಹಾಸುತ್ತಾರೆ. ಒಂದು ಕಡೆ ತೂತು ಮಣ್ಣಿನಿಂದ ಕಟ್ಟಿಕೊಂಡರೆ ಆ ದಿಕ್ಕಿಗೆ ಸದ್ದು ಸೋರುತ್ತದೆ, ಮೈಕು ಹೇಳಿಬಿಡುತ್ತದೆ.

ದೊಡ್ಡ ಗುಳ್ಳೆ ಪರದೆಯ ಮೊದಲ ಪ್ರಯೋಗ ನಡೆದದ್ದು 2008ರಲ್ಲಿ, ಜರ್ಮನಿಯ ಫಿನೋ-3 ಸಂಶೋಧನಾ ವೇದಿಕೆ ಕಟ್ಟುವಾಗ. 2011-12ರಲ್ಲಿ ಬೋರ್ಕುಮ್ ವೆಸ್ಟ್-2 ಯೋಜನೆಯಲ್ಲಿ ಸಾಲು ಪೈಲ್‌ಗಳಿಗೆ ಬಳಸಿದರು. ಜೊತೆಗೆ ಬೇರೆ ಉಪಾಯಗಳೂ ಬಂದವು. ಪೈಲಿಗೆ ಇನ್ನೊಂದು ಉಕ್ಕಿನ ಅಂಗಿ ತೊಡಿಸಿ ನಡುವೆ ಗಾಳಿ ಬಿಡುವುದು, ಬಲೆಗೆ ಫೋಮಿನ ಉಂಡೆಗಳನ್ನು ಕಟ್ಟಿ ಸುತ್ತ ಇಳಿಬಿಡುವುದು. ಇವುಗಳಲ್ಲಿ ಒಂದನ್ನು ಪೈಲಿನ ಹತ್ತಿರ, ಗುಳ್ಳೆ ಪರದೆಯನ್ನು ದೂರದಲ್ಲಿ ಇಟ್ಟರೆ 20 ಡೆಸಿಬೆಲ್ ಇಳಿಯಿತು. ಆಗುವುದೇ ಇಲ್ಲ ಎಂದಿದ್ದ ಮಿತಿಯೊಳಗೆ ಕೆಲವೇ ವರ್ಷಗಳಲ್ಲಿ ದಿನನಿತ್ಯದ ಕೆಲಸ ನಡೆಯತೊಡಗಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಪಾರ್ಪಸ್‌ಗಳನ್ನು ಕೇಳಿದಾಗ ಉತ್ತರ ಅಷ್ಟು ನೇರ ಬರಲಿಲ್ಲ. ಅವುಗಳ ‘ಕ್ಲಿಕ್’ ಎಣಿಸುವ ಯಂತ್ರಗಳನ್ನು ಸಮುದ್ರದ ತುಂಬ ಇಟ್ಟು ನೋಡುತ್ತಾರೆ. ಕ್ಲಿಕ್ ನಿಂತರೆ ಪ್ರಾಣಿ ಹೋಯಿತು ಅಂತ ಲೆಕ್ಕ. ಪರದೆ ಇಲ್ಲದ ಕಾಲದಲ್ಲಿ ಡೆನ್ಮಾರ್ಕಿನ ಹಾರ್ನ್ಸ್ ರೆವ್-2 ಗಾಳಿ ವಿದ್ಯುತ್ ಯೋಜನೆಯಲ್ಲಿ ಅವು ಸುಮಾರು 18 ಕಿಲೋಮೀಟರ್ ದೂರದವರೆಗೂ ಜಾಗ ಖಾಲಿ ಮಾಡಿದ್ದವು. ಪರದೆ ಬಂದ ಮೇಲೆ ಈ ದೂರ ಮೊದಲು ತಗ್ಗಿತು. ಆದರೆ ಜರ್ಮನಿಯ ಮುಂದಿನ ಯೋಜನೆಗಳಲ್ಲಿ, ಸದ್ದು ಇನ್ನೂ ಇಳಿದ ಮೇಲೂ, ಓಡುವ ದೂರ ಅದಕ್ಕೆ ತಕ್ಕಂತೆ ಇಳಿಯಲಿಲ್ಲ.

ಯಾಕೆ? ಒಂದು ಕಾರಣ ಹಡಗುಗಳು. ಪರದೆ ಹಾಕಲು ಒಂದು, ಕಂಪ್ರೆಸರ್‌ಗೆ ಒಂದು, ಕಾವಲಿಗೆ ಒಂದು, ಮೈಕು ಇಡಲು ಒಂದು. ಸುತ್ತಿಗೆ ಎತ್ತುವ ಗಂಟೆಗಳ ಮುಂಚೆಯೇ ಪಾರ್ಪಸ್‌ಗಳು ಜಾಗ ಬಿಡಲು ಶುರು ಮಾಡಿದ್ದು ಕಂಡಿದೆ. ಇನ್ನೊಂದು ಕಾರಣ ವಿಚಿತ್ರ. ಪೈಲ್ ಶುರುವಾಗುವ ಮುನ್ನ ಹತ್ತಿರದ ಪ್ರಾಣಿಗಳ ಕಿವಿ ಕೆಡಬಾರದೆಂದು ಅವನ್ನು ಓಡಿಸುವ ಯಂತ್ರ ಹಾಕುತ್ತಿದ್ದರು. ಮೀನು ಸಾಕಣೆಯವರು ಸೀಲ್‌ಗಳನ್ನು ಬೆದರಿಸಲು ಬಳಸುವ ಯಂತ್ರವೇ ಅದು. ಡಾನ್‌ಟಿಸ್ಕ್ ಎಂಬ ಯೋಜನೆಯಲ್ಲಿ ನೋಡಿದಾಗ ಆ ಯಂತ್ರಕ್ಕೇ ಪಾರ್ಪಸ್‌ಗಳು ಹನ್ನೆರಡು ಕಿಲೋಮೀಟರ್‌ವರೆಗೆ ಬೆದರುತ್ತಿದ್ದವು. ಏಟಿನ ಸದ್ದು ಇಳಿಯಿತು, ‘ಸರಿಯಿರಿ ಸರಿಯಿರಿ’ ಎಂಬ ಕೂಗೇ ದೊಡ್ಡದಾಯಿತು. ಆಮೇಲೆ ಮೆದುವಾದ ಯಂತ್ರಗಳು ಬಂದವು.

ಜರ್ಮನಿ 2013ರಲ್ಲಿ ಇನ್ನೊಂದು ಲೆಕ್ಕ ಸೇರಿಸಿತ್ತು. ಪ್ರತಿ ಪೈಲಿನ ಸುತ್ತ 8 ಕಿಲೋಮೀಟರ್ ತ್ರಿಜ್ಯದ ಪ್ರದೇಶ ಕದಡಿದೆ ಎಂದು ಹಿಡಿದು, ಯಾವ ಹೊತ್ತಿನಲ್ಲೂ ಉತ್ತರ ಸಮುದ್ರದ ತನ್ನ ಪಾಲಿನ ಹತ್ತನೇ ಒಂದಕ್ಕಿಂತ ಹೆಚ್ಚು ಭಾಗ ಹೀಗೆ ಕದಡಬಾರದು ಅಂತ. ಏಟಿಗೆ ಮಿತಿ ಹಾಕುವುದರ ಜೊತೆಗೆ ಜಾಗಕ್ಕೂ ಮಿತಿ. ಬ್ರಿಟನ್ ಮಾತ್ರ ಬಹುಕಾಲ ಬೇರೆ ದಾರಿ ಹಿಡಿದಿತ್ತು: ಹಡಗಿನ ಮೇಲೊಬ್ಬ ಕಾವಲುಗಾರ, 500 ಮೀಟರಿನೊಳಗೆ ಪ್ರಾಣಿ ಕಂಡರೆ ತಡೆ, ಮೊದಲ ಇಪ್ಪತ್ತು ನಿಮಿಷ ಮೆಲ್ಲಗೆ ಹೊಡೆತ. ಸುಮ್ನೆ ಕಾಯುವುದಕ್ಕೆ ಖರ್ಚು ಕಡಿಮೆ. ಇಂಗ್ಲೆಂಡಿನ ಸಮುದ್ರದಲ್ಲೂ 2025ರಿಂದ ಸದ್ದು ಇಳಿಸುವ ಉಪಾಯಗಳಿಗೆ ಮೊದಲ ಆದ್ಯತೆ ಕೊಡಬೇಕೆಂದು ಸರ್ಕಾರ ಹೇಳಿದೆ.

ಮೀನುಗಳ ಕಥೆ ಬೇರೆಯೇ. 2000ದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ–ಓಕ್ಲೆಂಡ್ ಸೇತುವೆಯ ಹೊಸ ಭಾಗಕ್ಕೆ ಪರೀಕ್ಷೆಯ ಪೈಲ್ ಹೊಡೆದಾಗ ಸುತ್ತ ಮೀನು ಸತ್ತವು. ಹೊಟ್ಟೆಯೊಳಗೆ ತೇಲಲೆಂದು ಇರುವ ಗಾಳಿಚೀಲ ಒತ್ತಡಕ್ಕೆ ಹಿಗ್ಗಿ ಕುಗ್ಗಿ ಪಕ್ಕದ ಅಂಗಗಳನ್ನು ಹರಿಯುತ್ತದೆ. ಅಮೆರಿಕದ ಪಶ್ಚಿಮ ಕರಾವಳಿ 2008ರಲ್ಲಿ ಮೀನಿಗೆಂದೇ ಅಂಕಿ ಇಟ್ಟುಕೊಂಡಿತು: ತುತ್ತತುದಿ 206, ಎಲ್ಲ ಏಟು ಕೂಡಿ 187, ಎರಡು ಗ್ರಾಂಗಿಂತ ಸಣ್ಣ ಮರಿಗಳಿಗೆ 183. ಇವೂ ಒತ್ತಡದ ಅಂಕಿಗಳೇ. ಆದರೆ ಬಹುಪಾಲು ಮೀನುಗಳು ಮುಖ್ಯವಾಗಿ ಕೇಳುವುದು ಒತ್ತಡವನ್ನಲ್ಲ, ನೀರಿನ ಕಣಗಳು ಹಿಂದೆ ಮುಂದೆ ಅಲ್ಲಾಡುವುದನ್ನು. ನಮ್ಮ ಕರಾವಳಿಯವರ ಬೊಂಡಾಸ್, ಅಂದರೆ ಸ್ಕ್ವಿಡ್, ಕೂಡ ಹೀಗೇ. ಬೊಂಡಾಸ್ ಜಾತಿಯವಕ್ಕೆ ತೊಟ್ಟಿಯಲ್ಲಿ ಪೈಲ್ ಸದ್ದಿನ ಧ್ವನಿಮುದ್ರಣ ಕೇಳಿಸಿದಾಗ ಅವು ಬಣ್ಣ ಬದಲಿಸಿದವು, ಶಾಯಿ ಬಿಟ್ಟವು, ಚಿಮ್ಮಿ ಓಡಿದವು. ತಳದಲ್ಲಿರುವ ಏಡಿ, ಚಿಪ್ಪುಗಳಿಗೆ ಮರಳಿನ ನಡುಕವೇ ಮುಖ್ಯ. ಹೈಡ್ರೋಫೋನ್ ಅಳೆಯುವುದು ಬರೀ ಒತ್ತಡವನ್ನು. 750 ಮೀಟರಿನ ಮೈಕಿಗೆ ಈ ಅಲುಗಾಟ ಕೇಳಿಸುವುದೇ ಇಲ್ಲ. ಗುಳ್ಳೆ ಪರದೆಗೂ ತಗ್ಗು ದನಿಯ ಮೇಲೆ ಹಿಡಿತ ಕಡಿಮೆ. ಪಾರ್ಪಸ್‌ಗೆ ಅದು ದೊಡ್ಡ ತೊಂದರೆಯಲ್ಲ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಸುಮಾರು 380 ಮಾತ್ರ ಉಳಿದಿರುವ ರೈಟ್ ತಿಮಿಂಗಿಲ ಮಾತಾಡುವುದೇ ತಗ್ಗು ದನಿಯಲ್ಲಿ. ಅಲ್ಲಿ ವಿನ್‌ಯಾರ್ಡ್ ವಿಂಡ್ ಯೋಜನೆಗೆ ಪರದೆಯಷ್ಟೇ ಸಾಲದೆಂದು ಜನವರಿಯಿಂದ ಏಪ್ರಿಲ್‌ವರೆಗೆ ಪೈಲ್ ಹೊಡೆಯುವುದನ್ನೇ ನಿಷೇಧಿಸಿದ್ದರು.

ಸುತ್ತಿಗೆಯೇ ಬೇಡ ಎನ್ನುವ ದಾರಿಗಳೂ ಇವೆ. ಹೆಲಿಗೋಲ್ಯಾಂಡ್ ದ್ವೀಪದ ಹತ್ತಿರ ಕಾಸ್ಕಾಸಿ ಯೋಜನೆಯಲ್ಲಿ ಕೆಲವು ಪೈಲ್‌ಗಳನ್ನು ಹೊಡೆಯದೆ ನಡುಗಿಸಿ ಇಳಿಸಿದರು. ಬೋರ್ಕುಮ್ ರಿಫ್‌ಗ್ರಂಡ್-2ರಲ್ಲಿ ಇಪ್ಪತ್ತು ಯಂತ್ರಗಳನ್ನು ಬೋರಲು ಹಾಕಿದ ಬಕೆಟ್‌ಗಳ ಮೇಲೆ ನಿಲ್ಲಿಸಿದರು. ಒಳಗಿನ ನೀರು ಹೀರಿದರೆ ಬಕೆಟ್ ತಾನೇ ತಳಕ್ಕೆ ಇಳಿಯುತ್ತದೆ. ನಡುಗಿಸುವ ವಿಧಾನದಲ್ಲಿ ಏಟೇ ಇಲ್ಲ, ಎಡೆಬಿಡದ ಗುಂಯ್‌ಗುಡುವಿಕೆ ಮಾತ್ರ. ಹಾಗಾದರೆ ‘ಒಂದು ಏಟಿಗೆ 160’ ಎಂಬ ಅಳತೆಗೋಲು ಅಲ್ಲಿ ಏನನ್ನು ಅಳೆಯಬೇಕು?

ನಮ್ಮ ಕಡೆ ಬಂದರೆ, ಸೇತುವೆಗಳಿಗೆ ಹೆಚ್ಚಾಗಿ ಬಳಸುವುದು ಕೊರೆದು ಕಾಂಕ್ರೀಟ್ ತುಂಬುವ ಪೈಲ್. ಹೊರಗಿನ ಉಕ್ಕಿನ ಲೈನರ್ ಇಳಿಸುವಾಗಷ್ಟೇ ಹೊಡೆತವೋ ನಡುಕವೋ ಇರುತ್ತದೆ. ಕಾಳಿ, ಅಘನಾಶಿನಿ, ಶರಾವತಿಯ ಅಳಿವೆಗಳ ಮಟ್ಟಿಗೆ ಇದು ಅದೃಷ್ಟವೇ. ಕಾರವಾರದ ಕಾಳಿ ಅಳಿವೆಯ ಹೊರಗೆ ಗೂನುಬೆನ್ನಿನ ಡಾಲ್ಫಿನ್‌ಗಳು ದೋಣಿಯಲ್ಲಿ ಹೋದವರಿಗೆ ಕಾಣುತ್ತವೆ. ಆದರೆ ದೊಡ್ಡ ಸುತ್ತಿಗೆ ಭಾರತಕ್ಕೂ ಬರಲಿದೆ. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ ಸಮುದ್ರದ ಗಾಳಿ ವಿದ್ಯುತ್ತಿಗೆ 7,453 ಕೋಟಿ ರೂಪಾಯಿಯ ನೆರವು ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಗುಜರಾತ್ ಮತ್ತು ತಮಿಳುನಾಡಿನ ಸಮುದ್ರದಲ್ಲಿ ತಲಾ 500 ಮೆಗಾವಾಟ್. ನಮ್ಮ 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ಕೈಗಾರಿಕೆ, ವಾಣಿಜ್ಯ, ವಸತಿ, ನಿಶ್ಶಬ್ದ ಅಂತ ನಾಲ್ಕು ವಲಯಗಳಿವೆ, ನಾಲ್ಕೂ ನೆಲದ ಮೇಲಿನವು.

ಜರ್ಮನಿಯ ಅಂಕಿಯನ್ನೇ ಎತ್ತಿ ತಂದು ಅಂಟಿಸುವುದು ಸುಲಭ. ಬಹುಶಃ ಹಾಗೇ ಆಗುತ್ತದೆ. ಆದರೆ ಮನ್ನಾರ್ ಕೊಲ್ಲಿಯ ಕಡೆ ಹಾರ್ಬರ್ ಪಾರ್ಪಸ್ ಇಲ್ಲ, ಕಡಲಹಸುಗಳಿವೆ. ಅವು ಬೇರೆ ಕಿವಿಯ ಪ್ರಾಣಿ, ಹುಲ್ಲು ಮೇಯುವ ಪ್ರಾಣಿ. ಅಲ್ಲಿನ ನೀರು ಉತ್ತರ ಸಮುದ್ರದಷ್ಟು ತಣ್ಣಗಿಲ್ಲ, ಮೌನವಾಗಿಯೂ ಇಲ್ಲ. ಬೆಚ್ಚನೆಯ ಆಳವಿಲ್ಲದ ಕಡಲಲ್ಲಿ ಹೈಡ್ರೋಫೋನ್ ಇಳಿಬಿಟ್ಟು ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಮೊದಲು ಕೇಳಿಸುವುದು ಚಟಪಟ ಚಟಪಟ, ಬಾಣಲೆಯಲ್ಲಿ ಕಡಲೆಕಾಯಿ ಹುರಿದ ಹಾಗೆ. ಬೆರಳುದ್ದದ ಸೀಗಡಿಗಳು ಕೊಂಡಿ ಬಡಿಯುವ ಸದ್ದು ಅದು, ಹಗಲೂ ರಾತ್ರಿಯೂ. ಅದರ ನಡುವೆ ಯಾವ ಪ್ರಾಣಿ ಎಷ್ಟು ದೂರದಿಂದ ಏನು ಕೇಳಿಸಿಕೊಳ್ಳುತ್ತದೆ ಎಂಬ ಅಳತೆ ಸುತ್ತಿಗೆ ಬರುವ ಮುಂಚೆಯೇ ಆಗಬೇಕು. ಅದಕ್ಕೆ ಬೇಕಾಗಿರುವುದು ಒಂದು ತೇಲುಬುರುಡೆ, ಒಂದು ಹಗ್ಗ, ಒಂದು ಮೈಕು, ಮತ್ತೆ ಎರಡು ಮಳೆಗಾಲ.